ಅರಿವೆ ಕಟ್ಟಿದ ಗಂಟೆ

ಸಿಂದಗಿ ಊರ ಹೊರಗಿನ ಆ ಜಿನ್ನಿಂಗ್ ಫ್ಯಾಕ್ಟರಿಗೆ ನಾನು ಮೊದಲ ಸಲ ಹೋದದ್ದು ಸಂಕ್ರಮಣ ಮುಗಿದ ವಾರ. ಎಪ್ಪತ್ತರ ದಶಕ ಅರ್ಧ ಕಳೆದಿತ್ತು. ಬೆಂಕಿ ಹತ್ತಿದರೆ ತಾನಾಗಿಯೇ ಬಾರಿಸುವ ಗಂಟೆಯೊಂದನ್ನು ಅಲ್ಲಿ ಕೂರಿಸಬೇಕಾಗಿತ್ತು. ಅದಿಲ್ಲದೆ ಹತ್ತಿಗೆ ವಿಮೆ ಮಾಡುವುದಿಲ್ಲ ಎಂದು ವಿಮೆಯವರು ಪಟ್ಟು ಹಿಡಿದಿದ್ದರಂತೆ. ಹುಬ್ಬಳ್ಳಿಯ ಗುತ್ತಿಗೆದಾರರೊಬ್ಬರು ಸಾಮಾನು ತರಿಸಿದರು, ತಮ್ಮ ಅಂಗಡಿಯ ಹಿಂದಿನ ಖೋಲಿಯಲ್ಲಿ ಎರಡು ವಾರ ಕೂರಿಸಿಕೊಂಡು ನನಗೆ ಕೆಲಸ ಕಲಿಸಿದರು. ನಾನು ಇಂಡಿ ಊರಿನ ವಾಯರ್‌ಮನ್. ನಲವತ್ತು ದಾಟಿದ ಮೇಲೆ ಹೊಸ ವಿದ್ಯೆ ಕೈಗೆ ಬಂತೆಂದು ಮನೆಯಲ್ಲಿ ಖುಷಿಪಟ್ಟಿದ್ದರು.

ಮೊದಲ ದಿನ ಆಳುಗಳನ್ನು ನೋಡಿಕೊಳ್ಳುವ ಮುಕಾದಮರು ನನ್ನನ್ನು ಕರೆದುಕೊಂಡು ಸುತ್ತಾಡಿಸಿದರು. ಫ್ಯಾಕ್ಟರಿ ಒಂದರ ಹಿಂದೆ ಒಂದರಂತೆ ಮೂರು ಭಾಗವಾಗಿತ್ತು. ಮುಂದೆ ಜಿನ್ನು ಯಂತ್ರಗಳು, ಕಾಳು ಬೇರೆ ಅರಳೆ ಬೇರೆ ಮಾಡುವಂಥವು. ನಡುವೆ ತಗಡಿನ ಗೋದಾಮು, ಯಂತ್ರದಿಂದ ಬಂದ ಅರಳೆಯನ್ನು ಆಳೆತ್ತರ ಒಟ್ಟುವ ಜಾಗ. ಅದರ ಹಿಂದೆ ಒಂದು ಉದ್ದನೆಯ ಖೋಲಿ. ಅಲ್ಲಿ ಹೆಂಗಸರು ಕುಳಿತು ಹತ್ತಿಯೊಳಗಿನ ಕಸ, ಕಡ್ಡಿ, ಕಲ್ಲು ಆರಿಸುತ್ತಿದ್ದರು. ಹದಿನಾಲ್ಕು ಮಂದಿ. ಆ ಖೋಲಿಗೆ ಕಬ್ಬಿಣದ ಸರಳಿನ ಕಿಟಕಿ ಒಂದಿತ್ತು. ಬಾಗಿಲೂ ಒಂದೇ, ಅದು ಗೋದಾಮಿನೊಳಕ್ಕೆ ತೆರೆಯುತ್ತಿತ್ತು.

“ಹಿಂದಿನ ಗ್ವಾಡಿಗೆ ಒಂದ್ ಬಾಗಿಲಾ ಇಡಿಸ್ರಿ” ಎಂದೆ.

“ಇಡಸೋಣಂತ್ರಿ, ಆಮ್ಯಾಲ ಅದನ್ನ ಕಾಯಾಕ ನೀವ ಬಂದು ಕುಂದರ್ರಿ” ಎಂದರು ಮುಕಾದಮರು. “ಅರ್ಧ ಹತ್ತಿ ಸೀರಿ ಒಳಗ ಹೊಕ್ಕೈತಿ.”

ನಾನು ಮತ್ತೆ ಆ ಮಾತು ತೆಗೆಯಲಿಲ್ಲ. ಆದರೆ ನನ್ನ ಕೆಲಸ ಯಾತಕ್ಕೆ ಎಂಬುದು ಅಲ್ಲಿಯೇ ಗೊತ್ತಾಯಿತು. ಗೋದಾಮಿನ ಅರಳೆ ಹೊತ್ತಿಕೊಂಡರೆ ಆ ಹದಿನಾಲ್ಕು ಮಂದಿಗೆ ಹೊರಗೆ ಬರುವ ದಾರಿ ಬೆಂಕಿಯ ಪಕ್ಕದಲ್ಲೇ. ಯಂತ್ರದ ಸಪ್ಪಳದಲ್ಲಿ ಕೂಗಿದರೆ ಕೇಳುವುದಿಲ್ಲ. ಬೆಂಕಿ ಬಾಗಿಲಿಗೆ ಬರುವುದಕ್ಕಿಂತ ಮುಂಚೆ ಅವರ ಕಿವಿಗೆ ಗಂಟೆ ಬೀಳಬೇಕು. ವಿಮೆಯವರ ಲೆಕ್ಕ ಏನೇ ಇರಲಿ, ನನ್ನ ಲೆಕ್ಕ ಅಷ್ಟೇ ಇತ್ತು.

ಕೆಲಸ ಇಪ್ಪತ್ತು ದಿನ ಹಿಡಿಯಿತು. ಬೆಳಗಿನ ಬಸ್ಸಿಗೆ ಇಂಡಿಯಿಂದ ಹೊರಟರೆ ಫ್ಯಾಕ್ಟರಿ ಮುಟ್ಟುವ ಹೊತ್ತಿಗೆ ಬಿಸಿಲು ಏರಿರುತ್ತಿತ್ತು. ಬುತ್ತಿಯಲ್ಲಿ ರೊಟ್ಟಿ, ಶೇಂಗಾ ಹಿಂಡಿ. ಗೋದಾಮಿನ ತೊಲೆಗಳಿಗೆ ಹಿತ್ತಾಳೆಯ ಹನ್ನೆರಡು ಬಟ್ಟಲು, ಹೆಂಗಸರ ಖೋಲಿಗೆ ನಾಲ್ಕು. ಸಣ್ಣ ಚಹಾ ಬಟ್ಟಲನ್ನು ಬೋರಲು ಹಾಕಿದಷ್ಟು ದೊಡ್ಡವು. ಪ್ರತಿ ಬಟ್ಟಲೊಳಗೆ ಎರಡು ಬೇರೆ ಲೋಹಗಳನ್ನು ಬೆಸೆದ ಒಂದು ಪಟ್ಟಿ. ಶಾಖ ಅರವತ್ತೆಂಟು ಡಿಗ್ರಿಗೆ ಏರಿದರೆ ಪಟ್ಟಿ ಬಾಗುತ್ತದೆ. ಎಲ್ಲ ಬಟ್ಟಲುಗಳನ್ನೂ ಮಣಿ ಪೋಣಿಸಿದಂತೆ ಒಂದೇ ತಂತಿಯಲ್ಲಿ ಪೋಣಿಸಿದ್ದೆ. ತಂತಿಯಲ್ಲಿ ಬ್ಯಾಟರಿಯ ಕರೆಂಟು ಹಗಲು ರಾತ್ರಿ ಹರಿಯುತ್ತಲೇ ಇರಬೇಕು. ಎಲ್ಲಿ ಪಟ್ಟಿ ಬಾಗಿ ಕರೆಂಟು ತುಂಡಾಯಿತೋ ಆ ಕ್ಷಣ ಗಂಟೆ. ತಂತಿ ಹರಿದರೂ, ತಂತಿಯ ಬ್ಯಾಟರಿ ಇಳಿದರೂ ಗಂಟೆ, ಗಂಟೆಗೆ ಬೇರೆಯೇ ಬ್ಯಾಟರಿ ಇತ್ತು. ಹಾಗಾಗಿ ಕೆಟ್ಟು ಸುಮ್ಮನೆ ಕೂಡುವ ಭಯ ಇದಕ್ಕಿಲ್ಲ ಎಂದು ಹುಬ್ಬಳ್ಳಿಯಲ್ಲಿ ಹೇಳಿಕೊಟ್ಟಿದ್ದರು. ಗಂಟೆ ಎಂದರೆ ಊಟದ ತಾಟಿನಷ್ಟಗಲದ ಕಬ್ಬಿಣದ ಬಟ್ಟಲು, ಅದಕ್ಕೊಂದು ಪುಟ್ಟ ಸುತ್ತಿಗೆ. ಅದನ್ನು ಹಿಂದಿನ ಗೋಡೆಯ ಹೊರಮೈಗೆ, ಹೆಂಗಸರ ಕಿಟಕಿಯ ಮೇಲ್ಗಡೆ, ಸೂರಿನ ನೆರಳಲ್ಲಿ ಕೂರಿಸಿದೆ. ಅಲ್ಲಿಂದ ಒಳಗಿನವರಿಗೂ ಕೇಳುತ್ತಿತ್ತು, ಅಂಗಳಕ್ಕೂ ಕೇಳುತ್ತಿತ್ತು. ಕಂಪೌಂಡಿನ ಆಚೆ ಫ್ಯಾಕ್ಟರಿಯ ಮಾಲೀಕರಾದ ಸಾಹುಕಾರರ ಮನೆ, ಅಲ್ಲಿಗೂ.

ಬಟ್ಟಲುಗಳ ಪರೀಕ್ಷೆಗೆ ಚಹಾದಂಗಡಿಯಿಂದ ಕುದಿಯುವ ಕಿಟ್ಲಿ ತರಿಸಿ, ನಿಚ್ಚಣಿಕೆ ಹತ್ತಿ ಒಂದೊಂದು ಬಟ್ಟಲಿಗೂ ತಾಗಿಸಿ ಹಿಡಿದೆ. ಹದಿನಾರೂ ಬಾರಿಸಿದವು. ಹೆಂಗಸರಲ್ಲಿ ಎಲ್ಲರಿಗಿಂತ ಹಿರಿಯವಳೊಬ್ಬಳು, ಮೊಣಕಾಲು ಹಿಡಿದುಕೊಂಡೇ ನಡೆಯುವವಳು, ಕೆಳಗೆ ನಿಂತು ನೋಡುತ್ತಿದ್ದಳು.

“ಬ್ಯಾರೇದವ್ರೆಲ್ಲಾ ಚಾ ಬಾಯಿಗೆ ಕುಡಸ್ತಾರ, ನೀ ಜಂತಿಗಿ ಕುಡಸಾಕತ್ತೀಯಲ್ಲೋ ತಮ್ಮಾ” ಎಂದಳು.

ಅವಳ ಮಗಳೂ ಅಲ್ಲೇ ಆರಿಸಲು ಬರುತ್ತಿದ್ದಳು. ತಾಯಿಯ ಮಾತಿಗೆ ಸೆರಗು ಬಾಯಿಗೆ ಇಟ್ಟುಕೊಂಡು ನಕ್ಕಳು.

ಮೂರನೆಯ ದಿನವೇ ಗಂಟೆ ಸುಳ್ಳು ಬಾರಿಸಿತು. ಎಲ್ಲರೂ ಎದ್ದು ಓಡಿದರು, ಯಂತ್ರ ನಿಂತಿತು. ಎಲ್ಲಿಯೂ ಹೊಗೆಯಿಲ್ಲ. ತಂತಿಯ ಗುಂಟ ಹುಡುಕುತ್ತ ಹೋದರೆ ಏಳನೆಯ ಬಟ್ಟಲಿನ ಹತ್ತಿರ ಇಲಿ ಕಡಿದಿತ್ತು. ಹತ್ತಿಕಾಳಿಗೆ ಬರುವ ಇಲಿಗಳು, ತಂತಿಯ ಮೇಲಿನ ರಬ್ಬರು ಬಿಡುತ್ತವೆಯೇ. ಹೊಸ ತುಂಡು ಸೇರಿಸಿದೆ. ನಾಲ್ಕು ದಿನಕ್ಕೆ ಹಮಾಲರ ಕೊಕ್ಕೆ ತಗುಲಿ ಇನ್ನೊಂದು ಕಡೆ ಹರಿಯಿತು. ಆಮೇಲೆ ಮತ್ತೆ ಇಲಿ. ತಂತಿಯನ್ನು ಕಬ್ಬಿಣದ ಪೈಪಿನೊಳಗೆ ಹಾಕಬೇಕೆಂದು ಹುಬ್ಬಳ್ಳಿಗೆ ಕಾಗದ ಬರೆದೆ. ಪೈಪು ಮುಂದಿನ ಸುಗ್ಗಿಗೆ ನೋಡೋಣ ಎಂದು ಉತ್ತರ ಬಂತು. ಹೆಂಡತಿ ಹೇಳಿದಳೆಂದು ತಂಬಾಕು ನೆನೆಸಿದ ನೀರನ್ನು ತಂತಿಗೆ ಬಳಿದು ನೋಡಿದೆ. ಬೇವಿನೆಣ್ಣೆಯನ್ನೂ ಸವರಿದೆ. ಒಂದು ವಾರ ಇಲಿ ಬರಲಿಲ್ಲ. ಬಿಸಿಲಿಗೆ ಎಣ್ಣೆ ಒಣಗಿತು, ಇಲಿ ಬಂತು.

ಆ ಹೆಂಗಸರಿಗೆ ಆರಿಸಿದ ಹತ್ತಿಯ ತೂಕದ ಮೇಲೆ ಕೂಲಿ. ಒಮ್ಮೆ ಗಂಟೆಯಾಯಿತೆಂದರೆ ಎದ್ದು, ಹೊರಗೆ ಬಂದು, ಬಿಸಿಲಲ್ಲಿ ನಿಂತು, ಮತ್ತೆ ಹೋಗಿ ಕೂರುವಷ್ಟರಲ್ಲಿ ಅರ್ಧ ತಾಸು ಹೋಗುತ್ತಿತ್ತು. ಹೋಳಿ ಹುಣ್ಣಿಮೆಯ ಹೊತ್ತಿಗೆ ನಾನು ಕಣ್ಣಾರೆ ಒಂದು ಸಂಗತಿ ಕಂಡೆ. ಗಂಟೆ ಬಾರಿಸಿತು. ನಾನು ಅಂಗಳದಲ್ಲಿದ್ದೆ. ಯಾರೂ ಹೊರಗೆ ಬರಲಿಲ್ಲ. ಒಳಗೆ ಓಡಿಹೋಗಿ ನೋಡಿದರೆ ಹದಿನಾಲ್ಕು ಮಂದಿಯೂ ತಲೆ ತಗ್ಗಿಸಿ ಹತ್ತಿ ಆರಿಸುತ್ತಿದ್ದಾರೆ. ಗಂಟೆ ತಲೆಯ ಮೇಲೆ ಬಡಿದುಕೊಳ್ಳುತ್ತಿದೆ.

“ಯಾಕವಾ, ಗಂಟಿ ಕೇಳ್ಸಲಿಲ್ಲೇನು?”

“ಕೇಳಸ್ತಪ್ಪಾ” ಎಂದಳು ಆ ಹಿರಿಯವಳು. “ದಿನಾ ಬರೂ ಬೀಗರಿಗೆ ಯಾರ ಎದ್ದು ನಿಂದರ್ತಾರ?”

ಎಲ್ಲರೂ ನಕ್ಕರು. ನನಗೆ ನಗು ಬರಲಿಲ್ಲ. ಅಂದು ಸಂಜೆ ಬಸ್ಸಿನಲ್ಲಿ ಅದೇ ಯೋಚನೆ. ಗಂಟೆಯನ್ನು ನಂಬುವುದು ಬಿಟ್ಟ ಮೇಲೆ ಅದು ಇದ್ದೂ ಇಲ್ಲದ ಹಾಗೆ.

ಬಟ್ಟಲುಗಳಲ್ಲಿ ಇನ್ನೊಂದು ಬಗೆಯ ಜೋಡಣೆಗೂ ಅವಕಾಶವಿತ್ತು. ತಂತಿಯಲ್ಲಿ ಸದಾ ಕರೆಂಟು ಹರಿಯುವುದಿಲ್ಲ. ಶಾಖಕ್ಕೆ ಪಟ್ಟಿ ಬಾಗಿ ಕೂಡಿಕೊಂಡಾಗ ಮಾತ್ರ ಹರಿಯುತ್ತದೆ, ಆಗ ಗಂಟೆ. ಇದರಲ್ಲಿ ಇಲಿ ಕಡಿದರೆ ಗಂಟೆಯಾಗುವುದಿಲ್ಲ. ಆದರೆ ಇಲಿ ಕಡಿದಿದೆ ಎಂಬುದೂ ಗೊತ್ತಾಗುವುದಿಲ್ಲ. ಅದಕ್ಕೆ ತಂತಿಯ ಕೊನೆಯಲ್ಲಿ ಒಂದು ಗುಂಡಿ ಇಟ್ಟು ದಿನಾ ಒತ್ತಿ ನೋಡಬೇಕು. ಗಂಟೆಯಾದರೆ ತಂತಿ ತುದಿಯವರೆಗೂ ನೆಟ್ಟಗಿದೆ ಎಂದರ್ಥ. ಎರಡು ದಿನ ಹಿಂದೆ ಮುಂದೆ ನೋಡಿದೆ. ಹುಬ್ಬಳ್ಳಿಯವರನ್ನು ಕೇಳಿದರೆ, ದಿನಾ ಒತ್ತುವ ನಂಬಿಗಸ್ಥ ಮನುಷ್ಯ ಇದ್ದರೆ ಮಾಡು ಎಂದರು.

ಅಂಥ ಮನುಷ್ಯ ಇದ್ದ. ಫ್ಯಾಕ್ಟರಿಯ ಕಾವಲುಗಾರ, ಅರವತ್ತರ ಹತ್ತಿರದವನು. ಕುರಿ ಕಾಯುವ ಮನೆತನದವನು, ಕುರಿ ಮಾರಿ ಈ ಕೆಲಸಕ್ಕೆ ಸೇರಿಕೊಂಡಿದ್ದ. ಎಲ್ಲರೂ ಕಾಕಾ ಎನ್ನುತ್ತಿದ್ದರು. ಹೇಳಿದ್ದನ್ನು ಹೇಳಿದ ಹೊತ್ತಿಗೆ ಹೇಳಿದ ಹಾಗೆ ಮಾಡುವವನು. ನಾನು ಜೋಡಣೆ ಬದಲಿಸಿದೆ, ತಂತಿಯ ತುದಿಯನ್ನು ಗಂಟೆಯ ಕೆಳಗೆ ತಂದು ಕೈಗೆ ಎಟುಕುವಂತೆ ಗುಂಡಿ ಇಟ್ಟೆ, ಅವನಿಗೆ ಒಂದು ನೋಟುಬುಕ್ಕು ಮತ್ತು ನೀಲಿ ಪೆನ್ಸಿಲು ಕೊಟ್ಟೆ. ಅವನಿಗೆ ಓದು ಬರುತ್ತಿರಲಿಲ್ಲ. ದಿನಕ್ಕೊಂದು ಗೆರೆ ಎಳೆಯಬೇಕು.

“ಹೆಣ್ಮಕ್ಕಳು ಬರೂಕಿನ ಮೊದಲ ಒತ್ತಬೇಕು ಕಾಕಾ. ಮಶೀನ್ ಚಾಲೂ ಇದ್ದು ಸಪ್ಪಳ ಕೇಳಲಿಲ್ಲಂದ್ರ ಮ್ಯಾಲ ನೋಡು. ಸುತ್ತಿಗಿ ಬಡದ್ರ ಬಡದಂಗ.”

“ಅಷ್ಟ ಹೌದಲ್ರಿ? ಸುತ್ತಿಗಿ ಬಡೀಬೇಕು.”

“ಅಷ್ಟ.”

ಈ ಮಾತು ನಾನೇ ಹೇಳಿಕೊಟ್ಟದ್ದು.

ಯುಗಾದಿಗೆ ಮುಂಚೆ ಎರಡು ಸಲ ಹೆಂಗಸರಿಗೆ ಹೇಳದೆ ಗಂಟೆ ಬಾರಿಸಿ ನೋಡಿದೆ. ಸುಳ್ಳು ಗಂಟೆ ನಿಂತು ವಾರದ ಮೇಲಾಗಿತ್ತು, ಅವರಿಗೆ ಮತ್ತೆ ನಂಬಿಕೆ ಬಂದಿತ್ತು. ಎರಡೂ ಸಲ ಎದ್ದು ಬಂದರು. ನಾನು ಬಾಗಿಲ ಬಳಿ ನಿಂತು ಬಾಯಲ್ಲಿ ಎಣಿಸಿದೆ. ತೊಂಬತ್ತಕ್ಕೆ ಎಲ್ಲರೂ ಹೊರಗೆ. ಕೊನೆಯವಳು ಮೊಣಕಾಲಿನ ಆ ಹಿರಿಯಾಕೆ, ಮಗಳ ಭುಜ ಹಿಡಿದುಕೊಂಡು.

“ನಿನ್ನ ಗಂಟಿ ಕಾಲಾಗ ನನ್ನ ಮೊಣಕಾಲಿಗಿ ಹರೇ ಬಂತ ನೋಡು” ಎಂದು ಬೈದಳು.

ಆಮೇಲೆ ನಾನು ಹದಿನೈದು ದಿನಕ್ಕೊಮ್ಮೆ ಮಾತ್ರ ಹೋಗುತ್ತಿದ್ದೆ. ಬ್ಯಾಟರಿಗೆ ನೀರು ನೋಡುವುದು, ಬಟ್ಟಲುಗಳ ಮೇಲಿನ ಅರಳೆಯ ಧೂಳು ಒರೆಸುವುದು, ಕಾಕಾನ ಗೆರೆಗಳನ್ನು ಎಣಿಸುವುದು. ಗೆರೆ ಒಂದೂ ತಪ್ಪಿರುತ್ತಿರಲಿಲ್ಲ. ನನ್ನ ವಹಿಯಲ್ಲಿ ಬರೆಯುತ್ತಿದ್ದೆ: ತಂತಿ ಸರಿ, ಬ್ಯಾಟರಿ ಸರಿ, ಗಂಟೆ ಸರಿ.

ಚೈತ್ರದ ಕೊನೆಗೆ ಸಾಹುಕಾರರ ತಾಯಿ ತೀರಿಕೊಂಡರು. ಫ್ಯಾಕ್ಟರಿಯವರೆಲ್ಲ ಅವರನ್ನು ದೊಡ್ಡವ್ವ ಎನ್ನುತ್ತಿದ್ದರು. ಬೇಸಿಗೆಯಲ್ಲಿ ದಿನಾ ಮಧ್ಯಾಹ್ನ ಕಂಪೌಂಡಿನ ಆಚೆಯಿಂದ ಹೆಂಗಸರಿಗೆ ಮಜ್ಜಿಗೆಯ ಕೊಡ ಕಳಿಸುತ್ತಿದ್ದವರು. ಮೂರು ದಿನ ಫ್ಯಾಕ್ಟರಿ ಮುಚ್ಚಿತ್ತು. ಅಂಗಳದ ತುಂಬ ಹತ್ತಿ ಬಿದ್ದಿತ್ತು, ಬಂಡಿಗಳು ನಿಂತಿದ್ದವು, ನಾಲ್ಕನೆಯ ದಿನ ಮತ್ತೆ ಶುರು ಮಾಡಿದರು. ನಾನು ಹೋದದ್ದು ಏಳನೆಯ ದಿನ.

ಆವರಣದಲ್ಲಿ ಒಂದು ಸಣ್ಣ ಹಣಮಪ್ಪನ ಗುಡಿ ಇತ್ತು. ಅದರ ಗಂಟೆಯ ನಾಲಿಗೆಗೆ ಅರಿವೆ ಕಟ್ಟಿದ್ದರು. ಹನ್ನೊಂದನೆಯ ದಿನದ ಕಾರ್ಯ ಮುಗಿಯುವ ತನಕ ಸಾವಾದ ಮನೆಯ ಎದುರಿಗೆ ಗಂಟೆ ಬಾರಿಸಬಾರದು ಎಂಬುದು ಅಲ್ಲಿನ ರೂಢಿ. ಅದನ್ನು ನೋಡುತ್ತಲೇ ನಾನು ಹಿಂದಿನ ಗೋಡೆಗೆ ಹೋದೆ. ನನ್ನ ಗಂಟೆಗೂ ಅರಿವೆ ಕಟ್ಟಿತ್ತು. ಹಳೆಯ ಧೋತರದ ತುಂಡು, ನಾಲ್ಕು ಪದರ ಮಾಡಿ, ಕಬ್ಬಿಣದ ಬಟ್ಟಲಿಗೆ ಸುತ್ತಿ, ಹಿಂದೆ ಗಂಟು ಹಾಕಿತ್ತು. ನಿಚ್ಚಣಿಕೆ ಅಲ್ಲೇ ಗೋಡೆಗೆ ಒರಗಿತ್ತು.

“ಇದೇನ ಕಾಕಾ?”

“ದೊಡ್ಡವ್ವನ ಮನೀರಿ” ಎಂದ ಕಾಕಾ, ದನಿ ತಗ್ಗಿಸಿ. “ಮುಂಜಾನಿ ಮುಂಜಾನಿ ಅವ್ರ ಕಿವ್ಯಾಗ ಗಂಟಿ ಹ್ಯಾಂಗ ಬಡಸ್ಲಿ? ಒತ್ತೂದು ಬಿಟ್ಟಿಲ್ರಿ ನಾನು. ದಿನಾ ಒತ್ತೇನಿ. ನೋಡ್ರಿ ಬೇಕಾದ್ರ.”

ಒತ್ತಿ ತೋರಿಸಿದ. ಸುತ್ತಿಗೆ ಬಡಿಯಿತು. ಹಾಸಿಗೆ ಬಡಿದಂಥ ಮೆತ್ತನೆಯ ಸಪ್ಪಳ. ಅವನು ನೋಟುಬುಕ್ಕು ತೆರೆದ. ಏಳು ದಿನಕ್ಕೆ ಏಳು ಗೆರೆ.

“ಒತ್ತಿದ ಮ್ಯಾಲ ಬಿಚ್ಚಬೇಕಲಾ ಕಾಕಾ.”

“ದಿನಾ ನಿಚ್ಚಣಿಕಿ ಹತ್ತಿ ಇಳಿಯೂದು ನನ್ನ ಕೈಲಿ ಆಗೂದಿಲ್ರಿ. ಹನ್ನೊಂದಕ್ಕ ಬಿಚ್ಚತೇನಿ. ಇನ್ನ ನಾಕ ದಿನ.”

ಕಂಪೌಂಡಿನ ಆಚೆ ಅಂಗಳದಲ್ಲಿ ಹೆಂಗಸರು ಚಾಪೆಯ ಮೇಲೆ ಕುಳಿತಿದ್ದರು. ಯಾರೋ ದೂರದಿಂದ ಆಗಷ್ಟೇ ಬಂದವರು ಅಳುತ್ತಿದ್ದರು. ನಿಚ್ಚಣಿಕೆ ಹತ್ತಿದರೆ ನನ್ನ ತಲೆ ಅವರಿಗೆ ಕಾಣುತ್ತಿತ್ತು. ನಾನು ಅರಿವೆ ಬಿಚ್ಚಿಸಬಹುದಿತ್ತು. ಬಿಚ್ಚಿ, ಕಾಕಾ ಗುಂಡಿ ಒತ್ತುವ ಹೊತ್ತಿಗೆ ಮಾತ್ರ ಗಂಟೆಯ ತಂತಿ ಕಳಚಿ ಬದಲಿಗೆ ಒಂದು ಬಲ್ಬು ಹತ್ತುವಂತೆ ಮಾಡಬಹುದಿತ್ತು. ಹತ್ತು ನಿಮಿಷದ ಕೆಲಸ, ಬಲ್ಬು ಚೀಲದಲ್ಲೇ ಇತ್ತು. ಅದು ಹೊಳೆದದ್ದು ಆಮೇಲೆ. ಆ ಹೊತ್ತಿಗೆ ನನಗೂ ಅಳುವ ಮನೆಯ ಎದುರಿಗೆ ಗಂಟೆಗೆ ಕೈ ಹಾಕುವುದು ಸರಿಯೆನಿಸಲಿಲ್ಲ. ನಾಲ್ಕೇ ದಿನ ಎಂದುಕೊಂಡೆ.

“ಹನ್ನೊಂದಕ್ಕ ಮರೀಬ್ಯಾಡ” ಎಂದೆ.

ಬ್ಯಾಟರಿಗೆ ನೀರು ಹಾಕಿದೆ, ಧೂಳು ಒರೆಸಿದೆ. ವಹಿಯಲ್ಲಿ ಎಂದಿನಂತೆ ಬರೆದೆ: ತಂತಿ ಸರಿ, ಬ್ಯಾಟರಿ ಸರಿ, ಗಂಟೆ ಸರಿ.

ಒಂಬತ್ತನೆಯ ದಿನ ಮಧ್ಯಾಹ್ನ ಬೆಂಕಿ ಹತ್ತಿತು. ನಾನು ಇಂಡಿಯಲ್ಲಿದ್ದೆ. ಮುಂದಿನದು ನಾನು ಕೇಳಿ ತಿಳಿದದ್ದು, ಆಮೇಲೆ ಆ ಜಾಗದಲ್ಲಿ ನಿಂತು ನೋಡಿ ತಿಳಿದದ್ದು. ಹತ್ತಿಯೊಳಗೆ ಉಳಿದ ಒಂದು ಕಲ್ಲು ಯಂತ್ರದ ಅಲಗಿಗೆ ಸಿಕ್ಕು ಕಿಡಿ ಹಾರಿರಬೇಕು. ಕಿಡಿ ಅರಳೆಯ ಜೊತೆಗೆ ಗೋದಾಮಿಗೆ ಹೋಯಿತು. ರಾಶಿಯೊಳಗೆ ಸ್ವಲ್ಪ ಹೊತ್ತು ಕಣ್ಣಿಗೆ ಕಾಣದಂತೆ ಕನಲಿ, ಆಮೇಲೆ ಒಮ್ಮೆಲೇ ಮೇಲಕ್ಕೆ ಎದ್ದಿತು. ಒಂಬತ್ತನೆಯ ಬಟ್ಟಲು ಅದರ ನೆತ್ತಿಯ ಮೇಲೇ ಇತ್ತು. ಅದು ತನ್ನ ಕೆಲಸ ಮಾಡಿತು. ತಂತಿ ಸರಿಯಾಗಿತ್ತು, ಬ್ಯಾಟರಿ ಸರಿಯಾಗಿತ್ತು, ಸುತ್ತಿಗೆಯೂ ಬಡಿಯಿತು. ನಾಲ್ಕು ಪದರ ಅರಿವೆಯ ಮೇಲೆ ಬಡಿಯಿತು.

ನೀರು ಕುಡಿಯಲು ಎದ್ದ ಒಬ್ಬಳಿಗೆ ಬಾಗಿಲಲ್ಲಿ ಹೊಗೆ ಕಂಡಿತು. ಕಿರುಚಿದಳು. ಹೆಂಗಸರು ಮುಖಕ್ಕೆ ಸೆರಗು ಹಿಡಿದು ಬಾಗಿಲಲ್ಲಿ ನುಗ್ಗಿದರು. ಆ ಹೊತ್ತಿಗೆ ಉರಿ ಬಾಗಿಲ ಪಕ್ಕದ ರಾಶಿಗೆ ಬಂದಿತ್ತು. ಹದಿಮೂರು ಮಂದಿ ಹೊರಗೆ ಬಿದ್ದರು. ಮಗಳು ತಾಯಿ ಹಿಂದೆಯೇ ಇದ್ದಾಳೆಂದುಕೊಂಡಿದ್ದಳು. ಅಂಗಳದಲ್ಲಿ ತಿರುಗಿ ನೋಡಿ ಮತ್ತೆ ಒಳಗೆ ಹೋಗಲು ನೋಡಿದಳು, ಕೈ ಸುಟ್ಟುಕೊಂಡಳು, ಹಮಾಲರು ಹಿಡಿದೆಳೆದರು. ಕಾಕಾ ಗೇಟಿನಿಂದ ಓಡಿಬಂದವನು ಬೆಂಕಿಯ ಕಡೆಗೆ ಹೋಗಲಿಲ್ಲ, ಹಿಂದಿನ ಗೋಡೆಗೆ ಹೋದ. ನಿಚ್ಚಣಿಕೆ ಹತ್ತಿ ಅರಿವೆ ಕಿತ್ತು ತೆಗೆದ. ಆಗ ಗಂಟೆ ಜೋರಾಗಿ ಬಾರಿಸತೊಡಗಿತು. ಬಿಜಾಪುರದಿಂದ ಬೆಂಕಿ ಆರಿಸುವ ಬಂಡಿ ಬರುವ ತನಕ ಅದು ನಿಲ್ಲಲೇ ಇಲ್ಲವಂತೆ.

ಮರುದಿನ ನಾನು ಹೋದಾಗ ಆ ಹಿರಿಯಾಕೆಯನ್ನು ಮಣ್ಣು ಮಾಡಿ ಬಂದಿದ್ದರು. ಗೋದಾಮಿನ ತಗಡು ಜೋತುಬಿದ್ದಿತ್ತು, ಒದ್ದೆ ಬೂದಿಯ ವಾಸನೆ. ಪೊಲೀಸರು ಅರಿವೆಯನ್ನು ಕಾಗದದಲ್ಲಿ ಸುತ್ತಿ ಇಟ್ಟುಕೊಂಡಿದ್ದರು. ನನಗೆ ಬಿಚ್ಚಿ ತೋರಿಸಿದರು. ಸುತ್ತಿಗೆ ಬಿದ್ದ ಜಾಗದಲ್ಲಿ ಮೂರು ಪದರ ಹರಿದು ತೂತಾಗಿತ್ತು, ನಾಲ್ಕನೆಯದು ತೆಳ್ಳಗಾಗಿತ್ತು. ಒಂಬತ್ತು ದಿನ, ದಿನಕ್ಕೊಮ್ಮೆ ಒತ್ತಿದ್ದಕ್ಕೆ ಅಷ್ಟು ಹರಿಯುವುದಿಲ್ಲ. ಅದೆಷ್ಟು ಹೊತ್ತು ಬಡಿದಿರಬೇಕೆಂದು ಅವರು ಹೇಳುವ ಅಗತ್ಯವಿರಲಿಲ್ಲ, ನನಗೆ ತಿಳಿಯಿತು. ತೊಂಬತ್ತು ಎಣಿಸುವುದಕ್ಕಿಂತ ಎಷ್ಟೋ ಹೆಚ್ಚು.

ಕಾಕಾನನ್ನು ಠಾಣೆಯಲ್ಲಿ ಕೂರಿಸಿದ್ದರು. ನಾನು ಹೋದಾಗ ಗೋಡೆಗೆ ಒರಗಿ ಕೂತಿದ್ದ, ತಲೆಯ ಪಟಕಾ ತೊಡೆಯ ಮೇಲೆ.

“ನಾ ಕಟ್ಟೇನಿ ಅಂತ ಹೇಳೇನ್ರಿ” ಎಂದ. “ನಿಮ್ಮ ಹೆಸರ ತಗದಿಲ್ಲ.”

“ನಾ ನೋಡಿದ್ನಲ್ಲ ಕಾಕಾ.”

“ನೋಡಿದ್ರಿ. ಕಟ್ಟಿದವ ನಾನಲ್ರಿ? ಇಬ್ರೂ ಕುಂತು ಏನ ಮಾಡೂದೈತಿ ಇಲ್ಲಿ? ನಿಮಗ ಸಾಲಿಗೆ ಹೋಗೂ ಮಕ್ಕಳದಾವು. ಮನಿಗಿ ಹೋಗ್ರಿ.”

ಬೆಂಕಿ ಬಿದ್ದ ಐದನೆಯ ದಿನ ಕಾರ್ಖಾನೆ ತಪಾಸಣೆಯ ಅಧಿಕಾರಿ ಬಂದರು. ಮೈಸೂರು ಕಡೆಯವರು. ಆಫೀಸಿನ ಖೋಲಿಯಲ್ಲಿ ಮೇಜು ಹಾಕಿಸಿಕೊಂಡು ಒಬ್ಬೊಬ್ಬರನ್ನೇ ಕರೆದರು. ಹಿಂದಿನ ದಿನ ಹುಬ್ಬಳ್ಳಿಯ ಗುತ್ತಿಗೆದಾರರು ಬಂದು ನನಗೆ ಹೇಳಿದ್ದರು, ನಿನ್ನ ವಹಿ ತಗೊಂಡು ಹೋಗು, ಅದರಲ್ಲಿ ಇರೋದನ್ನು ತೋರಿಸು, ಮೇಲೆ ಒಂದು ಮಾತೂ ಆಡಬೇಡ ಎಂದು. ಅಧಿಕಾರಿ ವಹಿ ತಿರುವಿದರು. ಏಳನೆಯ ದಿನದ ಪುಟದ ಮೇಲೆ ಬೆರಳಿಟ್ಟರು.

“ಇದು ನಿಮ್ಮ ಕೈಬರಹಾನಾ?”

“ಹೌದ್ರಿ.”

“ಗಂಟೆ ಸರಿ ಅಂತಿದೆ. ಅಂದ್ರೆ ನೀವು ಬಂದು ಹೋದಮೇಲೆ ಆ ಕಾವಲುಗಾರ ಬಟ್ಟೆ ಕಟ್ಟಿದಾನೆ. ಅಲ್ವಾ?”

ಅವರು ಬರೆಯಲು ಪೆನ್ನು ತೆಗೆದಿದ್ದರು. ಹೌದು ಎಂದರೆ ಮುಗಿಯಿತು. ಆ ಪುಟ ನನ್ನ ಪರವಾಗಿ ಸಾಕ್ಷಿ ಹೇಳುತ್ತಿತ್ತು. ಇಪ್ಪತ್ತು ವರ್ಷ ನಾನು ವಹಿಯಲ್ಲಿ ಸುಳ್ಳು ಬರೆದವನಲ್ಲ. ಆ ದಿನ ಬರೆಯುವಾಗಲೂ ಸುಳ್ಳೆಂದು ಅನಿಸಿರಲಿಲ್ಲ, ಕೈ ರೂಢಿಯಿಂದ ಬರೆದಿತ್ತು. ಬಾಗಿಲಾಚೆ ಕಾಕಾನ ಹೆಂಡತಿ ಗೋಡೆಯ ನೆರಳಿನಲ್ಲಿ ಕುಳಿತಿದ್ದಳು.

“ಅಲ್ರಿ ಸಾಹೇಬ್ರ. ನಾ ಬಂದಾಗ ಅರಿವಿ ಕಟ್ಟಿತ್ತು. ನಾ ನೋಡಿದೆ. ಹನ್ನೊಂದನೇ ದಿನಕ್ಕ ಬಿಚ್ಚು ಅಂದೆ, ಬಿಟ್ಟು ಹೋದೆ.”

“ನೀವು ಬರ್ದಿರೋದು ಬೇರೆ, ಹೇಳ್ತಿರೋದು ಬೇರೆ.”

“ಬರದದ್ದು ತಪ್ಪೈತ್ರಿ.”

ಅವರು ವಹಿ ಮುಚ್ಚಿದರು. “ಯಾಕೆ ಬಿಟ್ರಿ?” ಎಂದು ಕೇಳಿದರು. ಗದರಿಸಲಿಲ್ಲ, ತಿಳಿಯಬೇಕೆಂದೇ ಕೇಳಿದರು.

“ಸಾವಾದ ಮನಿ ಇತ್ರಿ ಎದುರಿಗೆ” ಎಂದೆ. ಹೊರಗಿನವರ ಎದುರಿಗೆ ಆ ಮಾತು ಎಷ್ಟು ಹಗುರವಾಗಿ ಕೇಳಿಸಿತು. ಅವರು ಅದನ್ನೂ ಬರೆದುಕೊಂಡರು.

ನನ್ನ ವಾಯರ್‌ಮನ್ ಪರವಾನಗಿಯನ್ನು ಒಂದು ವರ್ಷ ತಡೆಹಿಡಿದರು. ಕಾಕಾನನ್ನು ಠಾಣೆಯಿಂದ ಬಿಟ್ಟರು, ಕೆಲಸದಿಂದಲೂ ಬಿಡಿಸಿದರು. ಫ್ಯಾಕ್ಟರಿಯ ಹಿಂದಿನ ಗೋಡೆಗೆ ಬಾಗಿಲು ಬಂತು, ತಂತಿಗೆ ಪೈಪು ಬಂತು. ಅದನ್ನು ಮಾಡಿದವರು ಬೇರೆಯವರು.

ಮಳೆಗಾಲ ಶುರುವಾಗುವ ಮುಂಚೆ ಕಾಕಾನನ್ನು ನೋಡಲು ಹೋಗಿದ್ದಾಗ ಅವನು ಆ ಹಿರಿಯಾಕೆಯ ಮಗಳ ಮಾತು ತೆಗೆದ. ಗಂಡ ಬಿಟ್ಟವಳು, ತಾಯಿಯೊಂದಿಗೆ ಅಣ್ಣನ ಮನೆಯಲ್ಲೇ ಇದ್ದವಳು. ತಾಯಿಯನ್ನು ಒಳಗೆ ಬಿಟ್ಟು ತಾನು ಓಡಿಬಂದಳು ಎಂದು ಅಣ್ಣ ಅವಳೊಡನೆ ಮಾತು ಬಿಟ್ಟಿದ್ದಾನೆ, ಅವಳು ಬಡಿದ ರೊಟ್ಟಿ ಮುಟ್ಟುತ್ತಿಲ್ಲ, ಊರೊಳಗೂ ಹಾಗೆಯೇ ಆಡಿಕೊಳ್ಳುತ್ತಿದ್ದಾರೆ ಎಂದ. ತಪಾಸಣೆಯ ಕಾಗದದಲ್ಲಿ ಏನು ಬರೆದಿದೆಯೆಂದು ಆ ಮನೆಗೆ ಯಾರೂ ಹೋಗಿ ಹೇಳಿರಲಿಲ್ಲ. ಅಧಿಕಾರಿಗೆ ಹೇಳಿದ್ದರಿಂದ ನನ್ನ ಮಟ್ಟಿಗೆ ಮುಗಿಯಿತು ಎಂದು ನಾನೂ ಅಂದುಕೊಂಡಿದ್ದೆ.

ಅವರ ಊರು ಸಿಂದಗಿಯಿಂದ ಒಂದು ಹರದಾರಿ. ನಡೆದೇ ಹೋದೆ. ಮಗಳು ಪಡಸಾಲೆಯಲ್ಲಿ ಮೊರ ಇಟ್ಟುಕೊಂಡು ತೊಗರಿಬೇಳೆ ಹಸನು ಮಾಡುತ್ತಿದ್ದಳು. ಎಡಗೈಯ ಗಾಯ ಮಾಗಿರಲಿಲ್ಲ, ಒಂದೇ ಕೈಯಿಂದ ಆರಿಸುತ್ತಿದ್ದಳು. ನನ್ನನ್ನು ಗುರುತು ಹಿಡಿದಳು, ಬರ್ರಿ ಎನ್ನಲಿಲ್ಲ. ನಾನು ಕಟ್ಟೆಯ ಅಂಚಿಗೆ ಕುಳಿತೆ.

“ನಿನಗೊಂದು ಮಾತ ಹೇಳಾಕ ಬಂದೇನಿ ತಂಗಿ. ಗಂಟಿ ಬಾರಿಸಿದ್ರ ನಿಮ್ಮವ್ವ ಹೊರಗ ಬರ್ತಿದ್ಳು. ಎರಡು ಸಲ ನಾ ಎಣಿಸೇನಿ, ಆಕಿ ಬಂದಾಳ. ಆ ದಿನಾನೂ ಗಂಟಿ ಹೊತ್ತಿಗೆ ಸರಿಯಾಗಿ ಬಡದೈತಿ. ಅದಕ್ಕ ಅರಿವಿ ಕಟ್ಟಿದ್ರಂತ ನಿಮಗ ಯಾರಿಗೂ ಕೇಳಲಿಲ್ಲ. ನೀ ಓಡಿ ಬಂದದ್ದಕ್ಕ ಆಕಿ ಹೋಗಿಲ್ಲ.”

“ಅರಿವಿ ಕಾಕಾ ಕಟ್ಟಿದ್ನಂತ” ಎಂದಳು, ಬೇಳೆಯ ಮೇಲಿಂದ ಕಣ್ಣು ತೆಗೆಯದೆ.

“ಕಟ್ಟಿದ್ದ. ನಾ ನೋಡಿ ಸುಮ್ನಾದೆ.”

ಅವಳ ಕೈ ನಿಂತಿತು.

“ಕಂಡಿದ್ರಿ?”

“ಕಂಡಿದ್ದೆ.”

“ಯಾವಾಗ?”

“ಬೆಂಕಿ ಬೀಳೂಕಿನ ಎರಡು ದಿನ ಮೊದಲ.”

“ನಿಚ್ಚಣಿಕಿ ಇರ್ಲಿಲ್ಲೇನು?”

“ಇತ್ತು.”

ಅವಳು ಮೊರವನ್ನು ಪಕ್ಕಕ್ಕೆ ಸರಿಸಿದಳು. ಬೈಯುತ್ತಾಳೆ ಎಂದುಕೊಂಡೆ, ಬೈದಿದ್ದರೆ ಒಳ್ಳೆಯದಿತ್ತು.  ಒಂದು ಆಡು ಕಟ್ಟೆಗೆ ಕಾಲು ಕೊಟ್ಟು ಮೊರಕ್ಕೆ ಬಾಯಿ ಹಾಕಿತು, ಅವಳು ಓಡಿಸಲಿಲ್ಲ. ನಾನು ಓಡಿಸಿದೆ.

“ಅಣ್ಣ ಹೊಲದಾಗ ಅದಾನ್ರಿ” ಎಂದಳು ಕೊನೆಗೆ. “ಹೊತ್ತು ಮುಣುಗೂದ್ರಾಗ ಬರ್ತಾನ. ಇದನ್ನ ಅವನ ಮುಂದ ಹೇಳಿ ಹೋಗ್ರಿ. ನಾ ಹೇಳಿದ್ರ ನಂಬೂದಿಲ್ಲ.”

“ಕುಂದರ್ತೇನಿ.”

ನೀರು ಕೊಡಲಿಲ್ಲ, ಒಳಗೆ ಹೋಗಿ ಬಾಗಿಲು ಮುಂದೆ ಮಾಡಿಕೊಂಡಳು. ನಾನು ಕಟ್ಟೆಯ ಮೇಲೆಯೇ ಕುಳಿತೆ. ಬಿಸಿಲು ಎದುರು ಮನೆಯ ಮಾಳಿಗೆ ಏರಿತು. ಹಾದುಹೋಗುವವರು ಯಾರ ಮನ್ಯಾಗಿನವ್ರು ಎಂದು ಕೇಳಿದರು, ಇಂಡಿಯವ ಎಂದೆ. ಹೊತ್ತು ಮುಳುಗುವಾಗ ಅವಳ ಅಣ್ಣ ಎತ್ತು ಹೊಡೆದುಕೊಂಡು ಬಂದ. ನನ್ನನ್ನು ನೋಡಿ ನಿಂತ. ಅವಳು ಬಾಗಿಲು ತೆರೆದು ಹೊಸ್ತಿಲ ಬಳಿ ಬಂದಳು. ಅಷ್ಟು ದಿನಗಳಿಂದ ಅವನೊಡನೆ ಮಾತಿಲ್ಲದವಳು ಈಗ ದನಿ ಎತ್ತಿ ಹೇಳಿದಳು:

“ಎತ್ತು ಕಟ್ಟಿ ಬಾರಣ್ಣ. ಇವ್ರದೊಂದು ಮಾತೈತಿ, ನಿಂತು ಕೇಳು.”

ನಾನು ಕಟ್ಟೆಯಿಂದ ಎದ್ದು ನಿಂತೆ.